ಹುಳಿನೀರಿನ ಕಾಲುವೆಯ ಸುಣ್ಣಗಲ್ಲು

ನಾನು ಒಂದು ಸುಣ್ಣದ ಕಲ್ಲು. ಬಾಗಲಕೋಟೆ ಕಡೆಯ ಕ್ವಾರಿಯೊಂದರಲ್ಲಿ ಮದ್ದು ಸಿಡಿದಾಗ ಹುಟ್ಟಿದೆ. ಮದುವೆ ಮನೆಯ ಗೋಡೆಗೋ, ಯಾರದೋ ವೀಳ್ಯದೆಲೆಗೋ ಹೋಗುತ್ತೇನೆಂದು ಬೀಗುತ್ತಿದ್ದೆ. ಬಂತು ನೋಡಿ ಗ್ರಹಚಾರ! ಲಾರಿಯಲ್ಲಿ ಹೇರಿ ತಂದು, ಮುಚ್ಚಿಹೋದ ತಾಮ್ರದ ಗಣಿಯ ಕೆಳಗಿನ ಕಾಲುವೆಗೆ ಸುರಿದರು.

ಗಣಿಯ ಬಾಯಿಂದ ಬರುವ ನೀರು ನೋಡಲು ತಿಳಿ, ಗುಣದಲ್ಲಿ ಹುಣಸೆಗಿಂತ ಹುಳಿ. ಒಳಗಿನ ಬಂಡೆಯ ಗಂಧಕಕ್ಕೆ ಗಾಳಿ, ನೀರು ತಾಗಿ ಆಮ್ಲವಾಗುತ್ತಿತ್ತು. ಅದು ಕಬ್ಬಿಣ, ತಾಮ್ರವನ್ನೆಲ್ಲ ಕರಗಿಸಿಕೊಂಡು ಹರಿಯುತ್ತಿತ್ತು. ನಾವು ಕಲ್ಲುಗಳು ಕರಗುತ್ತಾ ಅದರ ಹುಳಿ ಮುರಿಯುತ್ತಿದ್ದೆವು. ಆಗ ಕಬ್ಬಿಣ ಕೆಂಪು ರಾಡಿಯಾಗಿ ಕೆಳಗಿನ ಗುಂಡಿಯಲ್ಲಿ ತಂಗುತ್ತಿತ್ತು, ನೀರು ಕೆರೆಗೆ ಹೋಗುತ್ತಿತ್ತು. ನಮ್ಮ ಮೈಗೂ ತುಕ್ಕು ಮೆತ್ತುತ್ತಿತ್ತು; ಅದು ಮುಚ್ಚಿಕೊಂಡರೆ ನಾವು ಕರಗುವಂತಿಲ್ಲ. ಕಾವಲುಗಾರ ತಿಪ್ಪೇರುದ್ರ ಗೊಣಗುತ್ತಲೇ ತಂತಿ ಬ್ರಷ್ಷಿನಿಂದ ಉಜ್ಜುತ್ತಿದ್ದ.

ಕೆರೆಯಲ್ಲಿ ಓಬಕ್ಕ ಮೀನು ಸಾಕಿದ್ದಳು. ಗಂಡ ಸತ್ತ ಮೇಲೆ ಅದೇ ಅವಳ ಅನ್ನ. ಹೊಸ ಮರಿ ಬಿಡುವ ಮುಂಚೆ ಕಾಲುವೆ ನೋಡಲು ಬಂದವಳು ಗುಂಡಿ ಕಂಡು ಹೌಹಾರಿದಳು.

"ಅಯ್ಯೋ ನಿನ್ ಮನೆ ಹಾಳಾಗ! ಮ್ಯಾಲೆ ನೀರು ಕನ್ನಡಿಯಂಗೈತೆ. ನಿನ್ ಕಲ್ಲು ದಾಟ್ತಿದ್ದಂಗೆ ರಾಡಿಯಾಗ್ತೈತೆ. ನನ್ ಮರಿ ಇದ್ರಾಗೆ ಬದುಕ್ತಾವಾ?"

"ಯಕ್ಕಾ, ರಾಡಿ ಗುಂಡ್ಯಾಗೇ ಉಳೀತೈತೆ. ಮ್ಯಾಲಿನ ತಿಳಿನೀರೇ ವಿಷ ಕಣಕ್ಕಾ," ಎಂದ ತಿಪ್ಪೇರುದ್ರ.

"ಸುಮ್ಕಿರಣ್ಣ, ನಂಗೇನು ಕಣ್ಣು ಕಾಣಾಕಿಲ್ವಾ?"

ಊರವರನ್ನು ಕರೆತಂದು ಪಕ್ಕದಲ್ಲೇ ಬೇರೆ ಕಾಲುವೆ ತೋಡಿಸಿದಳು. ತಿಳಿನೀರು ನಮ್ಮನ್ನು ಬಿಟ್ಟು ನೇರ ಕೆರೆಗೆ ಹರಿಯಿತು. ಅವಳು ಖುಷಿಯಿಂದ ಮರಿ ಬಿಟ್ಟಳು. ಇತ್ತ ನಾವು ಬಿಸಿಲಿಗೆ ಒಣಗಿದೆವು. ಮೆತ್ತಿದ್ದ ತುಕ್ಕು ಹಂಚಿನಂತೆ ಗಟ್ಟಿಯಾಯಿತು.

ಕೆಲವೇ ದಿನಗಳಲ್ಲಿ ಮರಿಗಳು ಹೊಟ್ಟೆ ಮೇಲಾಗಿ ತೇಲಿದವು. ದೊಡ್ಡ ಮೀನುಗಳೂ ಸತ್ತು ದಡಕ್ಕೆ ಬಂದವು. ಓಬಕ್ಕ ತಾನೇ ಗುದ್ದಲಿ ಹಿಡಿದು ಹೊಸ ಕಾಲುವೆ ಮುಚ್ಚಿದಳು. ನೀರು ಮತ್ತೆ ನಮ್ಮ ಮೇಲೆ ಬಂತು. ಆದರೆ ತುಕ್ಕಿನ ಮೇಲೇ ಜಾರಿ, ಹುಳಿಯಾಗಿಯೇ ಮುಂದೆ ಹೋಯಿತು.

ಅವಳು ತಿಪ್ಪೇರುದ್ರನ ಬ್ರಷ್ಷು ಕಸಿದುಕೊಂಡು ನನ್ನನ್ನು ಉಜ್ಜಿದಳು. ಅಂಗೈ ಸುಲಿದು ರಕ್ತ ಬಂದರೂ ಬಿಡಲಿಲ್ಲ.

"ಸಾಕು ಬಿಡಕ್ಕಾ, ಅದು ಬರಾಕಿಲ್ಲ. ಹೊಸ ಕಲ್ಲು ಬರ್ಬೇಕು, ಅದ್ಯಾವತ್ತೋ!" ಎಂದ ಅವನು.

ಬಿಂದಿಗೆಯಲ್ಲಿ ಉಳಿಸಿಕೊಂಡಿದ್ದ ಕೊನೆಯ ಮರಿಗಳನ್ನು ಕೆರೆಗೆ ಬಿಟ್ಟು ನೋಡಿದಳು. ಅವೂ ಮಗುಚಿದವು. "ನನ್ ಕೈಯಾರೆ ಕೊಂದ್ನಲ್ಲಣ್ಣಾ," ಎಂದು ಅಲ್ಲೇ ಕುಸಿದಳು.

ಈಗ ನನ್ನನ್ನು ಕೆಲಸಕ್ಕೆ ಬಾರದವನೆಂದು ದಂಡೆಗೆ ಎಸೆದಿದ್ದಾರೆ. ಓಬಕ್ಕ ಇಟ್ಟಿಗೆ ಗೂಡಿಗೆ ಕೂಲಿಗೆ ಹೋಗುತ್ತಾಳಂತೆ. ಒಳಗೆ ನಾನಿನ್ನೂ ಬೆಳ್ಳಗೇ ಇದ್ದೇನೆ. ಕರಗಿ ಮುಗಿಯಬೇಕಿದ್ದವನು ಇನ್ನು ನೂರಾರು ವರ್ಷ ಹೀಗೇ ಬಿದ್ದಿರುತ್ತೇನೆ. ಯಾರಿಗೆ ಬೇಕಿತ್ತು ಈ ಆಯಸ್ಸು?