ಒಣಗಿದೆ ಅಂದ ನೆಲ

ಕಿಟಕಿಯಿಂದ ಬಂದ ಬೆಳಕು ಲಾಂಡ್ರಿಯ ನೆಲದ ಮೇಲೆ ಬೀಳುತ್ತಿದೆ, ನೆಲ ಅದನ್ನು ವಾಪಸು ಕೊಡುತ್ತಿಲ್ಲ, ಕನ್ನಡಿಯ ಹಾಗೆ ಹೊಳೆಯಬೇಕಾಗಿದ್ದ ಎಪಾಕ್ಸಿ ಲೇಪ, ಹಾಲಿನ ಪಾತ್ರೆ ತೊಳೆದ ನೀರಿನ ಬಣ್ಣಕ್ಕೆ ತಿರುಗಿ ಮಂಕಾಗಿ ಬಿದ್ದಿದೆ, ಬಾಗಿಲಿನಿಂದ ಬಾಯ್ಲರ್ ಗೋಡೆಯವರೆಗೂ, ಇದು ಅಣ್ಣ ಹಾಕಿದ ನೆಲವೇ? ಅಣ್ಣ ಹಾಕಿದ ನೆಲಕ್ಕೆ ಬಗ್ಗಿದರೆ ನನ್ನ ಹಣೆಯ ಮೊಡವೆ ಕೂಡ ಕಾಣುತ್ತಿತ್ತು, ಏ ಮೆಣಸಿನಕಾಯಿ, ಮುಖ ನೋಡ್ಕೊಂಡಿದ್ದು ಸಾಕು, ರೋಲರ್ ತಗೊಂಡು ಬಾ ಎನ್ನುತ್ತಿದ್ದ, ಈಗ ಬಗ್ಗಿದರೆ ಮುಖ ಇರಬೇಕಾದ ಕಡೆ ಒಂದು ಬಿಳಿ ಮಬ್ಬು, ಕಣ್ಣಿಲ್ಲ ಮೂಗಿಲ್ಲ — ಲಾಂಡ್ರಿಯಮ್ಮ ಬೆನ್ನ ಹಿಂದೆ ನಿಂತಿದ್ದಾರೆ, ತೀರಿಕೊಂಡವರ ಬಗ್ಗೆ ಮಾತಾಡ್ಬಾರ್ದು ಕಣಮ್ಮ, ಆದ್ರೆ ನೀನೇ ನೋಡು ಎನ್ನುತ್ತಾರೆ, ನೋಡುತ್ತಲೇ ಇದ್ದೇನೆ. ಇದು ಅವನ ಕೊನೆಯ ಕೆಲಸ, ಆ ವಾರ ನಾನು ಇನ್ನೊಂದು ಕಡೆ ಗೋಡೌನಿನ ನೆಲ ಹಾಕುತ್ತಿದ್ದೆ, ಇಲ್ಲಿಂದ ಮನೆಗೆ ಹೊರಟವನು ಲಾರಿಗೆ ಸಿಕ್ಕಿದ, ಹಾರ್ನ್ ಕೇಳಿ ನಿಂತನಂತೆ, ನಿಂತವನು ಲಾರಿಯ ಕಡೆಗೇ ಹೆಜ್ಜೆ ಇಟ್ಟನಂತೆ, ನೋಡಿದವರು ಹೇಳಿದ್ದು, ಬೇಕಂತಲೇ ಅಡ್ಡ ಹೋದ್ರು ಬಿಡಿ, ಆ ಮಾತು ನಮ್ಮ ಮನೆಯೊಳಗೆ ಬಂದು ಕುರ್ಚಿ ಎಳೆದುಕೊಂಡು ಕೂತುಬಿಟ್ಟಿದೆ, ಊಟಕ್ಕೆ ಕೂತರೂ ಅಲ್ಲೇ ಇರುತ್ತದೆ, ಅತ್ತಿಗೆ ಅವನ ಅಂಗಿಗಳನ್ನು ಯಾರಿಗೂ ಕೊಟ್ಟಿಲ್ಲ, ಒಗೆದೂ ಇಲ್ಲ, ಒಮ್ಮೊಮ್ಮೆ ತರಕಾರಿ ಹೆಚ್ಚುತ್ತಾ ಹೆಚ್ಚುತ್ತಾ ಕೈ ನಿಲ್ಲಿಸಿ, ನಾನೇನು ಕಮ್ಮಿ ಮಾಡಿದ್ದೆ ಹೇಳು ಎಂದು ಕೇಳುತ್ತಾಳೆ, ನನ್ನನ್ನೋ ಅಂಗಿಯನ್ನೋ ತಿಳಿಯುವುದಿಲ್ಲ.

ಬಿಸಿನೀರು, ಸೋಪು, ಒರಟು ಪ್ಯಾಡು. ಮಬ್ಬು ಮೇಲಿನದಾದರೆ ತೊಳೆದರೆ ಹೋಗುತ್ತದೆ, ಗಾಳಿಯ ತೇವ ಒಣಗದ ಎಪಾಕ್ಸಿಯ ಮೇಲೆ ಕೂತು ಬಿಳಿ ಪೊರೆಯಾಗಿರುತ್ತದೆ, ಅಣ್ಣ ಕಲಿಸಿದ್ದು, ಉಜ್ಜು, ಹೆದರ್ಬೇಡ, ನೆಲ ಏನು ಅಳಲ್ಲ — ಉಜ್ಜುತ್ತೇನೆ, ಬಾಗಿಲ ಹತ್ತಿರ ಬಿಟ್ಟುಕೊಂಡಿತು, ಒರೆಸಿದರೆ ಒಳಗಿನಿಂದ ಹೊಳಪು ಬಂತು, ಎದೆ ಹಗುರಾಯಿತು, ಆದರೆ ಬಾಯ್ಲರ್ ಗೋಡೆಯ ಕಡೆ ಎಷ್ಟು ಉಜ್ಜಿದರೂ ಹಾಗೆಯೇ, ಇಲ್ಲಿ ಮಬ್ಬು ಮೇಲಿಲ್ಲ, ಒಳಗೇ ಇದೆ, ಕೆಳಗಿನ ಸಿಮೆಂಟು ಹಸಿಯಿದ್ದಾಗಲೇ ಸುರಿದಿದ್ದಾನೆ, ಅಣ್ಣ? ಹಿಂದಿನ ದಿನ ಸಿಮೆಂಟಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಸುತ್ತ ಟೇಪು ಅಂಟಿಸಿ, ಮಾರನೇ ದಿನ ಹಾಳೆಯ ಅಡಿ ಒಂದು ಹನಿ ಕಂಡರೂ ಡಬ್ಬ ಮುಚ್ಚಿ ಮನೆಗೆ ಬರುತ್ತಿದ್ದವನು, ಮಾಲೀಕರು ಎಗರಾಡಿದರೂ ನಗುತ್ತಾ, ನೆಲ ಬೆವರ್ತಿದೆ ಸಾರ್, ನಾನೇನು ಮಾಡ್ಲಿ ಎನ್ನುತ್ತಿದ್ದವನು. ಅಮ್ಮಾ, ಅಣ್ಣ ಇಲ್ಲಿ ಹಾಳೆ ಹಾಸಿರ್ಲಿಲ್ವಾ? ಹಾಸಿದ್ರಲ್ಲ ಎನ್ನುತ್ತಾರೆ ಲಾಂಡ್ರಿಯಮ್ಮ, ಇದೇ ಗೋಡೆ ಹತ್ರ, ಬೆಳಿಗ್ಗೆ ಬಂದು ಮಂಡಿ ಊರಿ, ಮೂಗು ತಾಗೋ ಹಾಗೆ ಬಗ್ಗಿ ನೋಡಿದ್ರು, ನೋಡಿ, ಒಣಗಿದೆ ಅಂದ್ರು, ನನಗೆ ನಿಂತಲ್ಲಿಂದಲೇ ಹನಿ ಕಾಣ್ತಿತ್ತಮ್ಮ, ಕೆಲಸ ಗೊತ್ತಿರೋರು ಅಂತ ಸುಮ್ಮನಾದೆ, ಆಮೇಲೆ ಕಿಟಕಿ ಕಡೆ ತಿರುಗಿ ಎಷ್ಟು ಮಂಜು ಕವಿದಿದೆ ಇವತ್ತು ಅಂದ್ರು, ಆವತ್ತು ಸುಡುಬಿಸಿಲು.

ಸುಡುಬಿಸಿಲು. ಕೈಯಲ್ಲಿ ಪ್ಯಾಡು, ಪ್ಯಾಡಿನಿಂದ ಸೋಪಿನ ನೀರು ಮೊಣಕೈಗೆ ಇಳಿಯುತ್ತಿದೆ, ಒರೆಸಿಕೊಳ್ಳಬೇಕು, ಒರೆಸಿಕೊಳ್ಳುತ್ತಿಲ್ಲ. ಡಬ್ಬದ ಅಳತೆಯ ಗೆರೆ ನೀನೇ ಓದು ಮೆಣಸಿನಕಾಯಿ, ನನಗೆ ಬೇಜಾರು ಎನ್ನುತ್ತಿದ್ದದ್ದು, ಅತ್ತಿಗೆ ಎದುರಿಗೆ ನಿಂತು ನಕ್ಕರೂ ಅವನು ನಗದೆ ಇದ್ದದ್ದು, ಈಗೀಗ ನನ್ನ ಮುಖಾನೇ ನೋಡಲ್ಲ ಎಂದು ಅವಳು ಮುನಿಸಿಕೊಂಡದ್ದು, ಗೋಡೆ ಸವರುತ್ತಾ ಮೆಟ್ಟಿಲು ಇಳಿಯುತ್ತಿದ್ದವನಿಗೆ ಏನಣ್ಣ, ಗೋಡೆಗೆ ಬಣ್ಣ ಹೊಡೀತಿದೀಯಾ ಎಂದು ನಾನು ತಮಾಷೆ ಮಾಡಿದ್ದು, ಅವನೂ ನಕ್ಕಿದ್ದ, ನಗುತ್ತಾ ನನ್ನ ಪಕ್ಕದ ಕಂಬವನ್ನು ನೋಡುತ್ತಿದ್ದ — ಕಂಬವನ್ನು. ನೆಲ ಹಾಕುವವನ ಕಣ್ಣು ಹೋಗಿದೆ ಎಂದರೆ ಯಾರು ಕೆಲಸಕ್ಕೆ ಕರೆಯುತ್ತಾರೆ, ಅದಕ್ಕೇ ಬಾಯಿ ಬಿಡಲಿಲ್ಲ. ಫೋನು ಹಚ್ಚುತ್ತೇನೆ, ಅತ್ತಿಗೆ, ಅಣ್ಣನಿಗೆ ಕಣ್ಣು ಕಾಣ್ತಿರ್ಲಿಲ್ಲ, ಹನಿ, ಹಾಳೆ, ಬಿಸಿಲು, ಎಲ್ಲ ಕಲಸಿ ಹೇಳುತ್ತೇನೆ, ಅತ್ತಿಗೆ ಕೇಳುತ್ತಾಳೆ, ಅಂದ್ರೆ ಲಾರಿ ಯಾವ ಕಡೆ ಅಂತ ಗೊತ್ತಾಗ್ಲಿಲ್ವಾ ಅವರಿಗೆ? ಗೊತ್ತಾಗಿರಲ್ಲ ಅತ್ತಿಗೆ. ನಮ್ಮನ್ನ ಬಿಟ್ಟು ಹೋಗ್ಬೇಕು ಅಂತಲ್ಲ ಅಲ್ವಾ? ಅಲ್ಲ. ನೀನು ಮನೆಗೆ ಬಾ, ಇನ್ನೊಂದ್ಸಲ ಹೇಳು ಎಂದು ಇಟ್ಟುಬಿಟ್ಟಳು, ಅಳು ಕೇಳಿಸಬಾರದೆಂದು.

ಬಾಯ್ಲರ್ ಕಡೆಯದನ್ನು ಕೆರೆದು ತೆಗೆಯಲೇಬೇಕು, ಬಾಯ್ಲರಿನ ಆವಿ ಹೊರಗೆ ಹೋಗಲು ದಾರಿ ಮಾಡಬೇಕು, ಸಿಮೆಂಟು ಒಣಗುವವರೆಗೂ ಕಾದು ಮತ್ತೆ ಹಾಕಬೇಕು, ತೆಗಿ ಎನ್ನುತ್ತಿದ್ದ ಅವನೇ ಇದ್ದಿದ್ದರೆ, ಕೆಟ್ಟ ಕೆಲಸಕ್ಕೆ ಮುದ್ದು ಮಾಡ್ಬೇಡ ಎಂದು, ನೆಲ ಕೆರೆಯುವ ಗ್ರೈಂಡರ್ ಎತ್ತಿಕೊಳ್ಳುತ್ತೇನೆ, ಸ್ವಿಚ್ಚಿನ ಮೇಲೆ ಬೆರಳು, ಬೆರಳು ಒತ್ತುತ್ತಿಲ್ಲ, ಯಾಕೆಂದರೆ ಅಲ್ಲಿ, ಅದೇ ಗೋಡೆಯ ಬುಡದಲ್ಲಿ, ಮಂಡಿ ಊರಿ, ಹಾಳೆಗೆ ಮೂಗು ತಾಗುವಷ್ಟು ಬಗ್ಗಿ ಅಣ್ಣ, ಅವನ ಕಣ್ಣ ಮುಂದೆಯೇ ಹನಿಗಳು, ಸಾಲುಸಾಲು ಹನಿಗಳು, ಒಂದೊಂದರಲ್ಲೂ ಬೆಳಗಿನ ಬಿಸಿಲು, ಅವನು ಇನ್ನೂ ಬಗ್ಗುತ್ತಾನೆ, ಇನ್ನೂ