ಮಜ್ಜಿಗೆ ಗಡಿಗೆಯ ಪರೀಕ್ಷೆ

ಗೊರೇಬಾಳದ ಚನ್ನುವಿನ ಜೀಪನ್ನು ಯಾರಾದರೂ ಆಡಿಕೊಂಡರೆ ಅವನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಮಸ್ಕಿ ಗುಡ್ಡದ ಕಲ್ಲುಬಂಡೆ ಹತ್ತಿಸಲೆಂದೇ ಕೊಂಡ ಗಾಡಿ. ಅದರ ಶಾಕ್ ಅಬ್ಸಾರ್ಬರುಗಳನ್ನು ಬಿಗಿ ಮಾಡಿಸಿ ಮಾಡಿಸಿ ಕಬ್ಬಿಣದ ಗೂಟ ಮಾಡಿಟ್ಟಿದ್ದ. ಒಮ್ಮೆ ಕೂತವರು ಎರಡನೇ ಸಲ ಕರೆದರೆ ಹೊಲದಲ್ಲಿ ಕೆಲಸವಿದೆ ಎನ್ನುತ್ತಿದ್ದರು.

ಈಗ ತಂಗಿ ಅಶ್ವಿನಿಗೆ ಏಳು ತಿಂಗಳು. ಲಿಂಗಸುಗೂರಿನ ಗಂಡನ ಮನೆಯಲ್ಲಿ ಕುಬಸದ ಸೀಮಂತ ಶಾಸ್ತ್ರ ಮುಗಿಸಿ, ಚೊಚ್ಚಲ ಹೆರಿಗೆಗೆ ಅವಳನ್ನು ತವರಿಗೆ ಕರೆತರಬೇಕು. ತಾಯಿಯಿಲ್ಲದ ತಂಗಿಯನ್ನು ಎತ್ತಿ ಆಡಿಸಿದವನೇ ಚನ್ನು. ಬೇರೆಯವರ ಗಾಡಿಯಲ್ಲಿ ಕರೆತರುವುದು ಅವನಿಗೆ ಸುತರಾಂ ಒಪ್ಪಿಗೆಯಿಲ್ಲ. ಆದರೆ ಅವಳ ಅತ್ತೆ ಸಂಗಮ್ಮ ಹಿಂದೊಮ್ಮೆ ಆ ಜೀಪಿನಿಂದ ಸೊಂಟ ಹಿಡಿದುಕೊಂಡು ಇಳಿದವರು. ಮಜ್ಜಿಗೆ ಗಡಿಗೆ ತೊಡೆಯ ಮೇಲಿಟ್ಟುಕೊಂಡು ತಾನೇ ಕೂತು ನೋಡುತ್ತೇನೆ, ಚೆಲ್ಲದಿದ್ದರಷ್ಟೇ ಸೊಸೆಯನ್ನು ಕಳಿಸುತ್ತೇನೆ ಎಂದು ಫೋನಿನಲ್ಲೇ ಹೇಳಿಬಿಟ್ಟಿದ್ದರು.

ಚನ್ನು ಸಿಂಧನೂರಿನ ಮೆಕ್ಯಾನಿಕ್ ಮಲೀಕಸಾಬನ ಹತ್ತಿರ ಓಡಿದ. ಮಲೀಕಸಾಬ ಗಾಡಿಯ ಕೆಳಗೆ ನುಸುಳಿ, ಶಾಕುಗಳ ತಿರುಪುಗಳನ್ನೆಲ್ಲ ಸಡಿಲಿನ ಕಡೆಗೆ ತಿರುಗಿಸಿದ.

"ಇನ್ನ ಹೂವಿನಂಗ ಹೋಗ್ತೈತ್ರಿ. ಆದ್ರ ಸಾವಕಾಶ ಹೊಡೀರಿ" ಎಂದ. ಮೊದಲ ಮಾತಷ್ಟೇ ಚನ್ನುವಿನ ಕಿವಿಗೆ ಬಿತ್ತು.

ಕುಬಸದ ಊಟವಾದ ಮೇಲೆ ಸಂಗಮ್ಮ ಗಡಿಗೆ ಹಿಡಿದು ಜೀಪು ಹತ್ತಿದರು. ಮಸ್ಕಿ ರಸ್ತೆಯ ತಗ್ಗುಗಳು ಬಂದವು, ಹೋದವು; ಮಜ್ಜಿಗೆ ತುಳುಕಲಿಲ್ಲ. ಅವರ ಮುಖ ಅರಳಿತು. ಅಲ್ಲಿಗೇ ತಿರುಗಿ ಬಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಗೆದ್ದೆನೆಂಬ ಖುಷಿ ಚನ್ನುವಿನ ತಲೆಯಿಂದ ಕಾಲಿಗಿಳಿಯಿತು. ತಗ್ಗು ಬಿದ್ದದ್ದೇ ಗೊತ್ತಾಗದಿದ್ದರೆ ನಿಧಾನ ಯಾಕೆ? ವೇಗ ಏರಿತು. ಎದುರಿಗೆ ರಸ್ತೆಯುಬ್ಬು ಬಂತು, ಗಾಡಿ ಹಾರಿ ಕುಕ್ಕರಿಸಿತು, ಮಜ್ಜಿಗೆಯೆಲ್ಲ ಸಂಗಮ್ಮನ ಇಳಕಲ್ ಸೀರೆಯ ಪಾಲಾಯಿತು.

ಮನೆಗೆ ತಿರುಗಿ ಬಂದಾಗ ಬಾಗಿಲಲ್ಲಿ ಬ್ಯಾಗು ಹಿಡಿದು ನಿಂತಿದ್ದ ತಂಗಿಯ ಮುಖ ನೋಡಲು ಅವನಿಗೆ ಧೈರ್ಯವಾಗಲಿಲ್ಲ. ಶಾಕು ಇನ್ನೊಂಚೂರು ಸಡಿಲಿಸಬೇಕಿತ್ತು ಎಂದು ಗೊಣಗಿದ.

ಸಂಗಮ್ಮ ಸೆರಗು ಹಿಂಡುತ್ತ ಹೇಳಿದರು: "ಗಾಡಿ ಚಲೋ ಐತಪ್ಪ. ಅದರಾಗ ಸೊಸಿನ್ನ ಕಳಸ್ತೀನಿ. ನನ್ನ ಮಗ ಹೊಡೀತಾನ. ನೀ ಬಸ್ಸಿಗಿ ಹೋಗು."

ಅಶ್ವಿನಿಯ ಗಂಡ ಅನಿಲಕುಮಾರ ಕೀಲಿ ಇಸಿದುಕೊಂಡ. ಸೊಸೆಗೆ ತಮ್ಮ ಮನೆಯ ಮಜ್ಜಿಗೆಯೇ ಸೇರುತ್ತದೆಂದು ಸಂಗಮ್ಮ ಗಡಿಗೆಯನ್ನು ಮತ್ತೆ ತುಂಬಿಸಿ, ಬಾಯಿಗೆ ಬಟ್ಟೆ ಕಟ್ಟಿ ಚನ್ನುವಿನ ಕೈಗಿಟ್ಟರು. ಜೀಪು ತಂಗಿಯನ್ನು ಕೂರಿಸಿಕೊಂಡು ಮೆಲ್ಲಗೆ ಹೊರಟುಹೋಯಿತು.

ಬಸ್ಸಿನಲ್ಲಿ ಸಿಕ್ಕಿದ್ದು ಹಿಂದಿನ ಸೀಟು. ಊರು ದಾಟುವಷ್ಟರಲ್ಲೇ ಚನ್ನು ಗಡಿಗೆಯನ್ನು ಎದೆಗವಚಿಕೊಂಡು ಕೂಗಿದ:

"ಡ್ರೈವರ್ ಸಾಹೇಬ್ರ, ಸಾವಕಾಶ ಹೊಡೀರಿ."