ಹೊಸ ಮೋಟಾರಿಗೆ ಹಳೇ ಎಣ್ಣೆ

ಎಣ್ಣೆಯ ವಿಷಯದಲ್ಲಿ ನಮ್ಮ ಬಂದರಿನ ಗಂಡಸರಿಗೆ ಗೊತ್ತಿಲ್ಲದ್ದೇ ಇಲ್ಲ. ನನ್ನ ದೋಣಿಯ ಮೋಟಾರು ಹೊಗೆ ಕಾರಿ ನಿಂತದ್ದೇ ತಡ, ಒಬ್ಬೊಬ್ಬರೂ ಒಂದೊಂದು ಡಬ್ಬಿ ಹಿಡಿದುಕೊಂಡು ಬಂದರು. ಪಕ್ಕದ ದೋಣಿಯ ಒನೊದೆರಾ ತನ್ನ ಲಾರಿಗೆ ಹಾಕುವ ಎಣ್ಣೆಯೇ ಅಮೃತ ಅಂದ. ಅವನ ಭಾವಮೈದುನ ಗಟ್ಟಿ ಎಣ್ಣೆ ಹಾಕು ಅಂದ, ಇನ್ಯಾರೋ ತೆಳು ಎಣ್ಣೆ ಅಂದರು. ಮೋಟಾರಿನ ಜೊತೆ ಬಂದ ಪುಸ್ತಕದಲ್ಲಿ ಮಾತ್ರ ದೋಣಿಯ ಫೋರ್‌ಸ್ಟ್ರೋಕ್ ಮೋಟಾರಿಗೆಂದೇ ಮಾಡಿದ ಎಣ್ಣೆ ಹಾಕಿ, ಅದೂ ಮೋಟಾರಿನ ಹೊಟ್ಟೆಗೆ, ಪೆಟ್ರೋಲಿಗಲ್ಲ ಎಂದು ಸ್ಪಷ್ಟವಾಗಿ ಬರೆದಿದೆ. ನಾನು ಅದನ್ನೇ ಹಾಕಿದ್ದೆ. ಹಾಗಂತ ಹೇಳಿದರೆ, "ಪುಸ್ತಕ ಓದಿ ಯಾರಾದ್ರೂ ದೋಣಿ ಓಡಿಸ್ತಾರಾ ನೊಬುಯೊ ಅಕ್ಕ?" ಎಂದು ಒನೊದೆರಾ ನಕ್ಕ. ಆ ಪುಸ್ತಕ ಓದಿದವಳು ಇಡೀ ಬಂದರಿನಲ್ಲಿ ನಾನೊಬ್ಬಳೇ.

ಈ ಹಿದಾಕಾ ತೀರದಲ್ಲಿ, ಒಣಗಿಸಿ ಅಡುಗೆಗೆ ಮಾರುವ ಕಡಲಪಾಚಿ ಕೊಯ್ಯಲು ಸಿಗುವುದು ಬೇಸಿಗೆಯ ಇಪ್ಪತ್ತೋ ಇಪ್ಪತ್ತೈದೋ ದಿನ. ಬೆಳಗಾಗುತ್ತಲೇ ಬಾವುಟದ ಯಜಮಾನ ಆಕಾಶ ನೋಡುತ್ತಾನೆ. ಪಾಚಿ ಒಣಗುವಷ್ಟು ಬಿಸಿಲು ಬರುತ್ತದೆ ಅನ್ನಿಸಿದರೆ ಬಾವುಟ ಏರಿಸುತ್ತಾನೆ. ಆಗ ಎಲ್ಲ ದೋಣಿಗಳೂ ಒಟ್ಟಿಗೆ ಹೊರಡಬೇಕು. ಹಿಂದೆ ಬಿದ್ದವರಿಗೆ ಸಿಗುವುದು ಚೂರುಪಾರು. ಈ ವರ್ಷ ಬಾವುಟ ಎರಡು ಸಲ ಏರಿತು, ಎರಡು ಸಲವೂ ನಾನು ದಂಡೆಯಲ್ಲೇ ಮೋಟಾರಿನ ಹಗ್ಗ ಜಗ್ಗುತ್ತಾ ನಿಂತಿದ್ದೆ.

ಮೂರನೇ ಸಲವೂ ಹೀಗೇ ಆದರೆ ದೋಣಿಯನ್ನು ಒನೊದೆರಾನ ತಮ್ಮನಿಗೆ ಒಪ್ಪಿಸಿಬಿಡೋಣ ಎಂದು ನನ್ನ ಗಂಡ ಶಿಗೆರು ಹೇಳಿಬಿಟ್ಟಿದ್ದ. ಹೋದ ವರ್ಷದವರೆಗೆ ದೋಣಿ ಅವನದಾಗಿತ್ತು. ಬಂಡೆಗಳ ನಡುವೆ ಹಳೇ ಮೋಟಾರು ಕಚ್ಚಿಕೊಂಡು ನಿಂತು, ಅಲೆ ದೋಣಿಯನ್ನು ಮಗುಚಿ, ಅವನ ಬಲಭುಜ ಹೋಯಿತು. ಈ ವಸಂತದಲ್ಲಿ ಹೊಸ ಮೋಟಾರು ತಂದು ನಾನೇ ಸಮುದ್ರಕ್ಕಿಳಿದು ದೋಣಿ ಓಡಿಸಲು ಕಲಿತೆ. ಸಮುದ್ರ ನನಗೆ ಇಷ್ಟವಾಗಿಬಿಟ್ಟಿದೆ. ಮತ್ತೆ ಅಂಗಳದಲ್ಲಿ ಬಗ್ಗಿ ಪಾಚಿ ಹರಡಿಕೊಂಡು ಕೂರಲು ನನಗೆ ಮನಸ್ಸಿಲ್ಲ.

ಎರಡನೇ ಬಾವುಟದ ದಿನ ಮಧ್ಯಾಹ್ನ ಮೋಟಾರಿನ ಪ್ಲಗ್ ಬಿಚ್ಚಿದೆ. ಕಾಡಿಗೆ ಬಳಿದಂತಿತ್ತು. ಮೂಗಿಗೆ ಹಿಡಿದರೆ ಹಳೇ ಟೂಸ್ಟ್ರೋಕ್ ಮೋಟಾರಿನದೇ ವಾಸನೆ. ಆ ಮೋಟಾರಿಗೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಬೇಕಿತ್ತು. ಮರೆತರೆ ಒಳಗಿನ ಲೋಹ ಒಣಗಿ ಕಚ್ಚಿಕೊಳ್ಳುತ್ತಿತ್ತು. ಇದಕ್ಕೆ ಆ ವಾಸನೆ ಎಲ್ಲಿಂದ? ಶೆಡ್ಡಿಗೆ ಹೋಗಿ ನೋಡಿದರೆ ಮಾವ ಯೊನೆಜೊ ನಾನು ತುಂಬಿಸಿಟ್ಟ ಪೆಟ್ರೋಲ್ ಕ್ಯಾನಿಗೆ ಎಣ್ಣೆ ಸುರಿಯುತ್ತಿದ್ದಾರೆ.

"ಮಾವಾ! ಏನ್ಮಾಡ್ತಿದೀರಿ?"

ಎಂಬತ್ತಮೂರರ ಮುದುಕ ಬೆಚ್ಚಲೂ ಇಲ್ಲ. "ಕಾಣ್ಸಲ್ವಾ? ಎಣ್ಣೆ ಬೆರೆಸ್ತಿದೀನಿ."

"ಇದಕ್ಕೆ ಬೆರೆಸಬಾರದು ಅಂತ ಎಷ್ಟು ಸಲ ಬಡ್ಕೊಂಡಿದೀನಿ! ಇದರ ಎಣ್ಣೆ ಬೇರೆ, ಜಾಗ ಬೇರೆ. ಎಷ್ಟು ದಿನದಿಂದ ಹಾಕ್ತಿದೀರಿ?"

"ತಂದ ದಿನದಿಂದ. ನೀನು ತುಂಬಿಸಿಟ್ಟು ಒಳಗೆ ಹೋದ್ಮೇಲೆ."

ನನ್ನ ಮೈಯೆಲ್ಲ ಉರಿದುಹೋಯಿತು. ಊರವರ ಡಬ್ಬಿಗಳನ್ನೆಲ್ಲ ತಡೆದು ನಿಲ್ಲಿಸಿದ್ದೆ, ಮನೆಯೊಳಗಿನ ಡಬ್ಬಿ ಕಣ್ಣಿಗೆ ಬಿದ್ದಿರಲಿಲ್ಲ.

"ಎರಡು ಬಾವುಟ ಹೋಯ್ತಲ್ಲ ಮಾವ! ಹೆಂಗಸು ಸಮುದ್ರಕ್ಕೆ ಹೋಗೋದು ನಿಮ್ಮ ಕಣ್ಣಿಗೂ ಚುಚ್ಚತ್ತಾ? ಚುಚ್ಚಿದ್ರೆ ಬಾಯಿಬಿಟ್ಟು ಹೇಳ್ಬೇಕಿತ್ತು!"

ಮಾವ ನಿಧಾನವಾಗಿ ಕ್ಯಾನಿನ ಮುಚ್ಚಳ ತಿರುಗಿಸಿದರು. "ಹೋದ ವರ್ಷ ಆ ಹಳೇ ಮೋಟಾರು ಬಿಚ್ಚಿದ್ದು ನಾನು. ಕ್ಯಾನಲ್ಲಿ ಉಳಿದಿದ್ದನ್ನೂ ನೋಡ್ದೆ. ಬರೀ ಪೆಟ್ರೋಲು. ಒಂದು ಹನಿ ಎಣ್ಣೆ ಇರ್ಲಿಲ್ಲ."

"ಮೋಟಾರು ಹಳೇದಾಗಿತ್ತು ಅಂತ ನೀವೇ ಹೇಳಿದ್ರಿ."

"ಎಲ್ರಿಗೂ ಹಂಗೇ ಹೇಳ್ದೆ."

ಹೋದ ವರ್ಷ ದೋಣಿ ಮಗುಚಿದ ದಿನ ಬಾವುಟ ಬೇಗ ಏರಿತ್ತು. ಶಿಗೆರು ದೋಣಿಯಿಂದ ಕೂಗುತ್ತಿದ್ದ. ಕ್ಯಾನು ತುಂಬಿಸಿ ಓಡಿದವಳು ನಾನು. ಎಣ್ಣೆ ಬೆರೆಸಿದ್ದು ನೆನಪಾಗುತ್ತದೆಯೇ ಎಂದು ಎಷ್ಟು ಹುಡುಕಿದರೂ ಆಗಲಿಲ್ಲ.

"ಶಿಗೆರುಗೆ ಗೊತ್ತಾ?"

"ಇಲ್ಲ. ಗೊತ್ತಾಗೋದೂ ಬೇಡ. ನೀನು ಅವಸರದ ಹೆಂಗಸು ತಾಯಿ, ಮರೀತೀಯ. ಈ ಸಲ ದೋಣೀಲಿ ನೀನೇ ಇರ್ತೀಯಲ್ಲ, ಅದಕ್ಕೇ ನಾನೇ ಬೆರೆಸ್ತಿದ್ದೆ."

ನಾನು ಅಲ್ಲೇ ಕ್ಯಾನಿನ ಪಕ್ಕ ಕುಳಿತು ಅತ್ತುಬಿಟ್ಟೆ. ಮಾವ ಮುಖ ತಿರುಗಿಸಿಕೊಂಡು ನಿಂತರು.

ಆಮೇಲೆ ಎದ್ದು ಪೆಟ್ರೋಲನ್ನೆಲ್ಲ ಬಸಿದೆ, ಹೊಸದು ತುಂಬಿಸಿದೆ, ಪ್ಲಗ್ ಬದಲಿಸಿದೆ. ಮೋಟಾರಿನ ಎಣ್ಣೆ ಅಳೆಯುವ ಕಡ್ಡಿ ಎಳೆದು ಮಾವನಿಗೆ ತೋರಿಸಿದೆ. "ಈ ಎರಡು ಗೆರೆ ಮಧ್ಯ ಎಣ್ಣೆ ಇರ್ಬೇಕು. ದಿನಾ ನೀವೇ ನೋಡಿ. ನೀವು ಹೂಂ ಅನ್ನೋತನಕ ನಾನು ಹಗ್ಗ ಮುಟ್ಟಲ್ಲ."

ಮಾರನೆಯ ಬೆಳಿಗ್ಗೆ ಬಾವುಟ ಏರಿತು. ಎಲ್ಲ ದೋಣಿಗಳೂ ಭೋರೆಂದವು. ಮಾವ ಮಾತ್ರ ಕಡ್ಡಿ ಒರೆಸುವುದು, ಅದ್ದುವುದು, ಕಣ್ಣು ಕಿರಿದಾಗಿಸಿ ನೋಡುವುದು, ಮತ್ತೆ ಒರೆಸುವುದು.

"ಮಾವಾ, ಬೇಗ! ಒನೊದೆರಾ ಬಂಡೆ ದಾಟಿದ!"

"ತಡಿ ತಾಯಿ." ಇನ್ನೊಮ್ಮೆ ಅದ್ದಿದರು. "ಹೂಂ."

ಒಂದೇ ಎಳೆತಕ್ಕೆ ಮೋಟಾರು ಹತ್ತಿಕೊಂಡಿತು, ಹೊಗೆಯ ಸುಳಿವಿಲ್ಲ. ದಂಡೆಯಲ್ಲಿ ನಿಂತಿದ್ದ ಶಿಗೆರು ಎಡಗೈ ಎತ್ತಿ ಬೀಸಿದ. "ದೋಣಿ ಇನ್ನು ನಿಂದೇ ಕಣೇ!" ಎಂದು ಕೂಗಿದ. ಅವನು ಅಷ್ಟು ಖುಷಿಯಾಗಿದ್ದನ್ನು ನೋಡಿ ಒಂದು ವರ್ಷವಾಗಿತ್ತು.

ನನಗೆ ಕೈ ಎತ್ತಲಾಗಲಿಲ್ಲ. ಇವತ್ತು ಪಾಚಿ ಒಣಹಾಕಿದ ಮೇಲೆ, ಮಾವ ಬೇಡವೆಂದರೂ, ಹೋದ ವರ್ಷದ ಕ್ಯಾನಿನ ವಿಷಯ ಅವನಿಗೆ ಹೇಳುತ್ತೇನೆ. ದೋಣಿ ಯಾರದೆಂದು ಆಮೇಲೆ ಅವನೇ ಇನ್ನೊಮ್ಮೆ ಹೇಳಲಿ.